ಮಳೆಗಾಲದಲ್ಲಿ ಅಳೆದ ಗುಡಿ

ಊದುಬತ್ತಿ ಹಚ್ಚುವ ಮೊದಲು ನಾನು ಒಮ್ಮೆ ಮೇಲೆ ನೋಡುತ್ತೇನೆ. ಎಡಗೈಯಲ್ಲಿ ಎರಡು ಕಡ್ಡಿ, ಬಲಗೈಯಲ್ಲಿ ಬೆಂಕಿಪೊಟ್ಟಣ, ಎದುರಿಗೆ ದೇವರು. ಕಣ್ಣು ಮಾತ್ರ ದೇವರನ್ನು ಬಿಟ್ಟು ಸೂರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿಬರುತ್ತದೆ. ನಮ್ಮದು ತಾರಸಿ ಮನೆ. ಮೇಲೆ ಸುಣ್ಣದ ಬಿಳುಪು, ಒಂದು ಫ್ಯಾನು, ಹಬ್ಬಕ್ಕೊಮ್ಮೆ ಗುಡಿಸಿದರೂ ಮತ್ತೆ ಹುಟ್ಟುವ ಜೇಡರಬಲೆ, ಇಷ್ಟೇ ಇರುವುದು. ಮನೆಗೆ ಬಂದ ನೆಂಟರು ಇದನ್ನು ಭಕ್ತಿಯೆಂದು ತಿಳಿದಿದ್ದಾರೆ; ಮೇಲಿರುವವನನ್ನು ನೆನೆಯದೆ ಕಡ್ಡಿ ಗೀರುವವಳಲ್ಲ ಎಂದು ನನ್ನ ಓರಗಿತ್ತಿ ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು. ನಾನು ತಿದ್ದಲು ಹೋಗಲಿಲ್ಲ. ಪುಕ್ಕಟೆಯಾಗಿ ಸಿಗುವ ಪುಣ್ಯವನ್ನು ಬೇಡವೆನ್ನುವಷ್ಟು ವೈರಾಗ್ಯ ನನಗೆ ಬಂದಿಲ್ಲ. ಆದರೆ ಇಷ್ಟು ಹತ್ತಿರ ಕೂತು ಓದುತ್ತಿರುವ ನಿಮ್ಮಿಂದ ಮುಚ್ಚಿಡುವುದೇಕೆ? ಅದು ಭಯ. ನನ್ನ ಮದುವೆಯಲ್ಲಿ ಹಿಡಿದದ್ದು, ಮಕ್ಕಳು ಕಾಲೇಜು ಮುಗಿಸಿದರೂ ಬಿಟ್ಟಿಲ್ಲ.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಪಾಂಡವಪುರದ ಒಂದು ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಕ್ಯಾತನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಇಳಿಜಾರಿನ ಮೇಜಿನ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ನಾಲೆಗಳನ್ನೂ ತೂಬುಗಳನ್ನೂ ಕರಿ ಮಸಿಯಲ್ಲಿ ಎಳೆಯುತ್ತಿದ್ದೆ. ನಕ್ಷೆ ಬರೆಯುವವರಿಗೆ ಒಂದು ಅಹಂಕಾರ ತಾನಾಗಿ ಬರುತ್ತದೆ: ಅಳೆದದ್ದೆಲ್ಲ ತಿಳಿದದ್ದು ಎಂಬ ಅಹಂಕಾರ. ಒಂದು ಕೆರೆಯ ಸುತ್ತಳತೆ ಗೊತ್ತಿದ್ದರೆ ಆ ಕೆರೆ ತನ್ನದೇ ಎನ್ನಿಸುತ್ತದೆ. ಅದರಲ್ಲಿ ಎಲ್ಲಿ ಕೆಸರಿದೆ, ಎಲ್ಲಿ ಸುಳಿಯಿದೆ ಎಂಬುದು ದನ ತೊಳೆಯುವವನಿಗೆ ಗೊತ್ತಿರುತ್ತದೆಯೇ ಹೊರತು ಕಾಗದಕ್ಕೆ ಗೊತ್ತಿರುವುದಿಲ್ಲ. ಈ ವಿವೇಕ ನನಗೆ ಆಮೇಲೆ ಬಂತು.

ಅದಕ್ಕೆ ಎರಡು ವರ್ಷ ಮುಂಚೆ ನಮ್ಮಕ್ಕನ ಮದುವೆ ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ ನಡೆದಿತ್ತು. ಹೆದ್ದಾರಿಯ ಪಕ್ಕದ ಛತ್ರ. ಮಂತ್ರದ ನಡುವೆ ಲಾರಿಗಳ ಹಾರನ್ನು, ಬಾಗಿಲಲ್ಲಿ ಮುಂದಿನ ಮದುವೆಯವರ ಪಾತ್ರೆಗಳು, ಒಳಗೆ ಹಿಂದಿನ ಮದುವೆಯವರ ಬಾಡಿದ ಹೂವು. ವೇದಿಕೆಯ ಹಿಂದೆ ಥರ್ಮಕೋಲಿನಲ್ಲಿ ಕತ್ತರಿಸಿ ಅಂಟಿಸಿದ ವಧೂವರರ ಹೆಸರನ್ನು ಬದಲಿಸುವುದನ್ನು ಯಾರೋ ಮರೆತರು. ಇವತ್ತಿಗೂ ಅಕ್ಕನ ಆಲ್ಬಂ ತೆರೆದರೆ ಅಕ್ಕ-ಭಾವನ ತಲೆಯ ಮೇಲೆ ಯಾರೋ ಗೀತಾ, ಯಾರೋ ಮಂಜುನಾಥ ಹೊಳೆಯುತ್ತಿದ್ದಾರೆ. ಎಲ್ಲರೂ ನಕ್ಕರು, ನಾನು ಮಾತ್ರ ಅಂದೇ ಶಪಥ ಮಾಡಿದೆ. ನನ್ನ ಮದುವೆ ನಡೆಯುವ ಜಾಗದಲ್ಲಿ ಪ್ರತಿಯೊಂದನ್ನೂ ನಾನೇ ಇಡಬೇಕು, ನಾನೇ ಬರೆಯಬೇಕು.

ಜಾಗ ಸಿಕ್ಕಿದ್ದು ಶ್ರಾವಣದ ಒಂದು ಮಳೆಯಲ್ಲಿ. ಕೆ.ಆರ್. ಪೇಟೆ ಕಡೆ ಒಂದು ಕಾಲುವೆಯ ಅಳತೆಗೆಂದು ಕಚೇರಿಯ ಜೀಪಿನಲ್ಲಿ ಹೋದವರು ಮಳೆ ಹೊಡೆತಕ್ಕೆ ಸಿಕ್ಕಿ, ಹೊಸಹೊಳಲು ದಾಟಿ ಒಂದಿಷ್ಟು ದೂರದಲ್ಲಿ, ಹಳ್ಳಿಯ ಹೊರಗಿದ್ದ ಒಂದು ಕಲ್ಲುಗುಡಿಗೆ ನುಗ್ಗಿದೆವು. ಹೊಸಹೊಳಲಿನ ಗುಡಿಯ ಹಾಗೆ ಹೆಸರಾದದ್ದಲ್ಲ, ನೋಡಲು ಯಾರೂ ಬರುವುದಿಲ್ಲ. ಹೊಯ್ಸಳರ ಕಾಲದ ಯಾವನೋ ಶಿಲ್ಪಿ ದೊಡ್ಡ ಗುಡಿಯ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕೈ ಸುಮ್ಮನಿರದೆ ಕಟ್ಟಿದ ಹಾಗಿತ್ತು. ಒಂದು ಮುಖಮಂಟಪ, ಒಂದು ನವರಂಗ, ಒಳಗೆ ಕತ್ತಲಲ್ಲಿ ಮೂರಡಿಯ ಕೇಶವ. ನವರಂಗದ ನಾಲ್ಕು ಕಂಬಗಳು ಕಪ್ಪಗೆ ನುಣ್ಣಗೆ, ಹತ್ತಿರ ಹೋದರೆ ಮುಖ ಕಾಣುವಷ್ಟು ನುಣ್ಣಗೆ, ನಿಂತಿದ್ದವು. ಆ ನಾಲ್ಕರ ನಡುವಿನ ದುಂಡು ಕಲ್ಲಿನ ಮೇಲೆ ನಾನು ಒದ್ದೆ ಚಪ್ಪಲಿ ಬಿಟ್ಟು ನಿಂತೆ, ಹೊರಗೆ ಮಳೆ ಸುರಿಯುತ್ತಿತ್ತು, ಇಲ್ಲೇ ನನ್ನ ಮದುವೆ ಎಂದುಕೊಂಡೆ. ಹುಡುಗ ಇನ್ನೂ ಗೊತ್ತಾಗಿರಲಿಲ್ಲ ಎಂಬ ಸಣ್ಣ ಕೊರತೆಯನ್ನು ಆಮೇಲೆ ಒಂದು ತಿಂಗಳಲ್ಲಿ ಹಿರಿಯರು ತುಂಬಿಕೊಟ್ಟರು.

ಅಂದೇ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಎಲೆಯಡಿಕೆ ಮೆಲ್ಲುತ್ತ ಕೇಳಿಸಿಕೊಂಡ. ಆಮೇಲೆರಡು ಭಾನುವಾರ ಟೇಪು ಹಿಡಿದು ಹೋಗಿ ಆ ಗುಡಿಯನ್ನು ಮೂಲೆ ಬಿಡದೆ ಅಳೆದೆ. ಒಂದು ಇಂಚಿಗೆ ನಾಲ್ಕಡಿಯ ಅಳತೆಯಲ್ಲಿ ನಕ್ಷೆ ಬರೆದೆ: ಹಸೆಮಣೆ ಇಲ್ಲಿ, ಅಪ್ಪ-ಅವ್ವ ಇಲ್ಲಿ, ಗಂಡಿನ ಕಡೆಯವರು ಕಂಬದ ಈಚೆ, ವಾಲಗದವರು ಮುಖಮಂಟಪದ ಜಗಲಿಯ ಮೇಲೆ. ಮುಖಮಂಟಪದ ಬಲಗಡೆ, ಹೊರಸೂರಿನ ಕೆಳಗೆ ಕಲ್ಲಿನ ಮೇಲೆ ಮೊರದಗಲದ ಒಂದು ಕಪ್ಪು ಕಲೆ ಇತ್ತು. ಅದನ್ನೂ ಬಿಡಲಿಲ್ಲ. ಚುಕ್ಕಿಗೆರೆಯಲ್ಲಿ ಎಳೆದು, ಪಕ್ಕದಲ್ಲಿ ಅಚ್ಚುಕಟ್ಟಾಗಿ 'ತೇವದ ಕಲೆ' ಎಂದು ಬರೆದೆ. ಅಲ್ಲೇ ಗುಡಿಸುತ್ತಿದ್ದ ಪುಟ್ಟಮ್ಮಜ್ಜಿಯನ್ನು ಒಂದು ಮಾತು ಕೇಳಬಹುದಿತ್ತು. ನಾನು ಅಳೆಯುವವಳು, ಕೇಳುವವಳಾಗಿರಲಿಲ್ಲ.

ಗೊತ್ತಾದ ಹುಡುಗ ನಾಗಮಂಗಲದವರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಸರು ಹೇಳುವ ಅಭ್ಯಾಸ ನನಗೆ ಈಗಲೂ ಇಲ್ಲ, ಮೇಷ್ಟ್ರು ಎಂದೇ ಇಟ್ಟುಕೊಳ್ಳಿ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಳತೆ ಸರಿಯಾಗೇ ಅದೆ" ಎಂದರು. ಅದೇ ಅವರ ಒಪ್ಪಿಗೆ. ಕ್ಯಾತನಹಳ್ಳಿಗೂ ನಾಗಮಂಗಲಕ್ಕೂ ಕೆ.ಆರ್. ಪೇಟೆ ಸೀಮೆ ಹೆಚ್ಚುಕಡಿಮೆ ಒಂದೇ ದೂರವಾದ್ದರಿಂದ ಹಿರಿಯರೂ ಹೂಂ ಅಂದರು. ನನಗೆ ಬೆರಗಾದದ್ದು ಅಪ್ಪನ ಉತ್ಸಾಹ. ಐನೋರು ಫಾಲ್ಗುಣದಲ್ಲಿ ಎರಡು ಮುಹೂರ್ತ ತೋರಿಸಿ, ಹತ್ತೂವರೆಯದು ಎಲ್ಲರಿಗೂ ಅನುಕೂಲ ಎಂದರೆ, ಅಪ್ಪ ಏಳು ಗಂಟೆಯದೇ ಆಗಬೇಕೆಂದು ಹಟ ಹಿಡಿದ. ಜೀವಮಾನದಲ್ಲಿ ಪಂಚೆ, ಅರ್ಧ ತೋಳಿನ ಅಂಗಿ ಬಿಟ್ಟು ಬೇರೇನೂ ತೊಡದ ಆಸಾಮಿ, ಪಾಂಡವಪುರದ ದರ್ಜಿಯ ಹತ್ತಿರ ಹೋಗಿ ಕುತ್ತಿಗೆವರೆಗೆ ಗುಂಡಿಯಿರುವ ಉದ್ದ ತೋಳಿನ ದಪ್ಪ ಕೋಟು ಹೊಲಿಸಿಕೊಂಡು ಬಂದ. ಕಬ್ಬಿನ ಗದ್ದೆಯ ಯಜಮಾನನಿಗೆ ದಿವಾನರ ಕೋಟು ಎಂದು ನಾನೂ ಅಕ್ಕನೂ ಹೊಟ್ಟೆ ಹಿಡಿದು ನಕ್ಕೆವು.

ಲಗ್ನಪತ್ರಿಕೆ ಅಚ್ಚಾಯಿತು. ನಮ್ಮ ಕಡೆ ಮೊದಲ ಪತ್ರಿಕೆ ದೇವರಿಗೆ. ಅರಿಸಿನ ಹಚ್ಚಿ, ಎಲೆಯಡಿಕೆ ಸಮೇತ ದೇವರ ಪಾದದಲ್ಲಿಟ್ಟು, ಇಂಥ ದಿನ ಇಂಥ ಹೊತ್ತಿಗೆ ಹೀಗೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ನೆಂಟರಿಗೆ. ನಮ್ಮ ಮದುವೆ ಕೇಶವನ ಮನೆಯಲ್ಲೇ ಆದ್ದರಿಂದ ಅಪ್ಪ-ಅವ್ವ ಹೋಗಿ ಐನೋರ ಕೈಯಲ್ಲಿ ಅವನ ಪಾದಕ್ಕೇ ಇಡಿಸಿ ಬಂದರು. ಅದು ಪುಷ್ಯ ಮಾಸ.

ಮದುವೆಗೆ ಹನ್ನೆರಡು ದಿನವಿದ್ದಾಗ ಚಪ್ಪರದ ಕಂಬಗಳ ಜಾಗ ಗುರುತಿಸಲು ನಾನೂ ಮೇಷ್ಟ್ರೂ ಗುಡಿಗೆ ಹೋದೆವು. ದಾರಿಯುದ್ದ ಹೊಂಗೆ ಹೂ ಬಿಟ್ಟಿತ್ತು. ನಾನು ನಕ್ಷೆ ಬಿಚ್ಚಿ ಮುಖಮಂಟಪದ ಮೆಟ್ಟಿಲು ಹತ್ತುವಾಗ ಪುಟ್ಟಮ್ಮಜ್ಜಿ ಪೊರಕೆಯಿಂದಲೇ ತಡೆದಳು.

"ಸದ್ದು ಮಾಡ್ಬ್ಯಾಡ ಕಣವ್ವ. ಮ್ಯಾಲೆ ನೋಡು."

ನನ್ನ ನಕ್ಷೆಯಲ್ಲಿ ತೇವದ ಕಲೆ ಇದ್ದ ಜಾಗದಲ್ಲಿ ಹೆಜ್ಜೇನು ಕಟ್ಟಿತ್ತು. ಮೊರದಗಲ, ಅದಕ್ಕಿಂತ ಸ್ವಲ್ಪ ಹೆಚ್ಚೇ. ಕಪ್ಪಗೆ, ದಪ್ಪಗೆ, ಕಲ್ಲಿನ ಸೂರಿಗೆ ಜೋತುಬಿದ್ದಿತ್ತು. ನಾವು ನಿಂತು ನೋಡುತ್ತಿದ್ದ ಹಾಗೆಯೇ ಅದರ ಮೈಮೇಲೆ ಒಂದು ಅಲೆ ಮೇಲಿನಿಂದ ಕೆಳಕ್ಕೆ ಹಾದುಹೋಯಿತು. ಸಾವಿರಾರು ರೆಕ್ಕೆಗಳು ಒಂದೇ ಸಲ ಎತ್ತಿ ಇಳಿಸಿದ್ದವು. ಮತ್ತೆ ನಿಶ್ಚಲ.

"ಯಾವಾಗ ಬಂದ್ವಜ್ಜಿ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಮಾವು ಹೂ ಬುಟ್ಟಾಗ ಬತ್ತವೆ, ಮುಂಗಾರು ಬಿದ್ರೆ ಓಯ್ತವೆ. ವರ್ಸಾವರ್ಸ ಅದೇ ಜಾಗ. ಕಲೆ ಇಲ್ವಾ ಕಲ್ಲಲ್ಲಿ? ಅಳೀತಿದ್ಯಲ್ಲವ್ವ, ಕಾಣ್ನಿಲ್ವಾ?"

ಕಂಡಿತ್ತು. ಅದರ ಉದ್ದಗಲ ನನ್ನ ಕಾಗದದ ಮೇಲಿತ್ತು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅದಕ್ಕೆ ಮೂರು ವರ್ಷದ ಹಿಂದೆ ಕಬ್ಬಿನ ಗದ್ದೆಯಲ್ಲಿ ಸೋಗೆ ಬಿಡಿಸುವಾಗ ಅಪ್ಪನಿಗೆ ನಾಲ್ಕೇ ನಾಲ್ಕು ಹೆಜ್ಜೇನು ಕಚ್ಚಿದ್ದವು. ಬೇರೆಯವರಾಗಿದ್ದರೆ ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಅಪ್ಪನ ಮುಖ ಒಂದು ಗಳಿಗೆಯಲ್ಲಿ ಗುರುತು ಸಿಗದಂತೆ ಊದಿ, ಗಂಟಲು ಕಟ್ಟಿ, ಉಸಿರು ಸಿಳ್ಳೆ ಹೊಡೆಯತೊಡಗಿತು. ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಪಾಂಡವಪುರದ ಆಸ್ಪತ್ರೆಗೆ ಹೋಗುವಾಗ ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದುದನ್ನು ನೋಡುತ್ತಿದ್ದೆ. ಸೂಜಿಮದ್ದು ಕೊಟ್ಟು ಉಳಿಸಿದ ಡಾಕ್ಟರು, "ಇವರ ಮೈಗೆ ಇದು ಆಗೋದಿಲ್ಲ. ಇನ್ನೊಂದು ಸಲ ಕಚ್ಚಿದರೆ ಇಲ್ಲಿತನಕ ತಂದು ಸೇರಿಸೋಕೆ ಸಮಯ ಸಿಗುತ್ತೆ ಅಂತ ಹೇಳಲಾರೆ" ಎಂದಿದ್ದರು. ಆ ಅಪ್ಪನನ್ನು ನಾನು ನನ್ನ ಅಂದದ ಹುಚ್ಚಿಗೆ, ಅಳತೆ ಮಾಡಿ, ಹೆಜ್ಜೇನಿನಿಂದ ಹದಿನಾಲ್ಕಡಿ ದೂರದಲ್ಲಿ ಕೂರಿಸಿದ್ದೆ. ಹದಿನಾಲ್ಕಡಿ ಎಂಬುದೂ ಆ ನಕ್ಷೆಯಲ್ಲೇ ಇತ್ತು.

ಹೆದರಿಕೆಯ ವಿಚಿತ್ರ ನೋಡಿ. ಹುಲಿಯ ಹೆದರಿಕೆ ಹುಲಿಯ ಜೊತೆಗೆ ಕಾಡಿನಲ್ಲೇ ಉಳಿಯುತ್ತದೆ; ಸಣ್ಣದರ ಹೆದರಿಕೆ ನಮ್ಮ ಜೊತೆ ಬಸ್ಸು ಹತ್ತಿ ಮನೆಗೆ ಬರುತ್ತದೆ. ಮರುದಿನ ಕಚೇರಿಯಲ್ಲಿ ಫ್ಯಾನು ಗುಂಯ್ಗುಟ್ಟಿದರೆ ಪೆನ್ನು ಜಾರಿ ನಾಲೆಯೊಂದು ಹೊಲದೊಳಕ್ಕೆ ಹರಿಯಿತು. ಜವಾನ ಬೀಡಿ ಹಚ್ಚಲು ಕಡ್ಡಿ ಗೀರಿದರೆ ಎದ್ದು ನಿಂತೆ. ಒಗ್ಗರಣೆಯ ಹೊಗೆ, ದೇವರ ಮನೆಯ ಧೂಪ, ಅವ್ವನ ಮುಡಿಯ ಮಲ್ಲಿಗೆ, ಈವರೆಗೆ ಬದುಕಿನ ಸುವಾಸನೆ ಎಂದುಕೊಂಡಿದ್ದೆಲ್ಲ ಜೇನಿಗೆ ಕಳಿಸಿದ ಕರೆಯೋಲೆಯಂತೆ ಕಂಡಿತು. ಮದುವೆ ಎಂದರೆ ಏನು, ಸ್ವಲ್ಪ ಯೋಚಿಸಿ: ಹೊಗೆ, ಹೂವು, ಸಿಹಿ, ಡೋಲು. ಹೆಜ್ಜೇನನ್ನು ಎಬ್ಬಿಸಬೇಕೆಂದು ಯಾರಾದರೂ ಪಟ್ಟಿ ಮಾಡಿದರೆ ಅದಕ್ಕಿಂತ ಹೆಚ್ಚೇನೂ ಬರೆಯಲಾರರು.

ಎರಡು ದಿನ ನುಂಗಿಕೊಂಡು, ಮೂರನೆಯ ದಿನ ಅವ್ವನಿಗೆ ಹೇಳಿದೆ. ಅವ್ವ ಅಪ್ಪನನ್ನು ಹಿತ್ತಲಿಂದ ಕರೆದು ಹೇಳಿದಳು. ಅಪ್ಪ ಕೈ ತೊಳೆಯುತ್ತಿದ್ದವನು ತಲೆ ಎತ್ತಿ, ನೆಂಟರ ವಿಷಯ ಕೇಳಿದ ಹಾಗೆ, "ಬಂದ್ವಾ?" ಎಂದ. ಅಷ್ಟೇ. ಅವನಿಗೆ ವಿಷಯದ ತೂಕ ತಿಳಿಯಲಿಲ್ಲವೆಂದು ನನಗೆ ಅಳು ಬಂತು.

"ಅಪ್ಪ, ಬ್ಯಾಡ ಕಣಪ್ಪ. ಛತ್ರದಲ್ಲೇ ಮಾಡನ. ಯಾರ್ ಹೆಸ್ರು ಬೇಕಾದ್ರೂ ಇರ್ಲಿ ಹಿಂದ್ಗಡೆ."

"ದ್ಯಾವ್ರಿಗೆ ಪತ್ರಿಕೆ ಕೊಟ್ಟಾಯ್ತು ಕಣ್ಮಗ. ನಿನ್ಮನೇಗೆ ಬತ್ತೀವಿ ಅಂತ ಏಳ್ಬುಟ್ಟು, ಓಗ್ದೆ ಇರಾದಾ?"

"ಜೇನವೆ ಅಲ್ಲಿ!"

"ಅವು ನಿನ್ಗಿಂತ ಮೊದ್ಲೇ ಬುಕ್ ಮಾಡವೆ. ಅವ್ರ ಪಾಡಿಗೆ ಅವ್ರು, ನಮ್ ಪಾಡಿಗೆ ನಾವು."

ಆ ಹಳ್ಳಿಯ ನಾಲ್ಕಾರು ಜನ ಪಂಜು ಹಿಡಿದು ಸುಟ್ಟುಬಿಡುತ್ತೇವೆ ಎಂದು ಮುಂದೆ ಬಂದರು. ಅದಕ್ಕೂ ಅಪ್ಪ ಒಪ್ಪಲಿಲ್ಲ. ಮಗಳ ಮದುವೆಯ ವಾರದಲ್ಲಿ ಮನೆ ಸುಡುವ ಕೆಲಸ ತನ್ನಿಂದಾಗದು ಎಂದ. ಬೂದಿಯಾಗದೆ ಉಳಿದವು ಒಂದು ವಾರ ಅಲ್ಲೇ ಸುತ್ತುತ್ತ ಸಿಕ್ಕಿದವರನ್ನು ಕಚ್ಚುತ್ತವೆ ಎಂದು ಪುಟ್ಟಮ್ಮಜ್ಜಿಯೂ ಎಚ್ಚರಿಸಿದಳು. ಹೀಗೆ ನನ್ನ ಎರಡನೆಯ ನಕ್ಷೆ ಶುರುವಾಯಿತು. ಮೊದಲನೆಯದನ್ನು ಬರೆದದ್ದು ಆಸೆ, ಇದನ್ನು ಬರೆದದ್ದು ಅಂಜಿಕೆ. ನಿಜ ಹೇಳುತ್ತೇನೆ, ಅಂಜಿಕೆಯ ಕೈ ಹೆಚ್ಚು ನಿಖರ. ಹೋಮ ಗುಡಿಯಿಂದಾಚೆ, ಗಾಳಿ ಹೋಗುವ ದಿಕ್ಕಿನ ಮಾವಿನ ತೋಪಿನಲ್ಲಿ. ಅಡುಗೆ, ಊಟವೂ ಅಲ್ಲೇ. ಗುಡಿಯೊಳಗೆ ಕರ್ಪೂರವಿಲ್ಲ, ಊದುಬತ್ತಿಯಿಲ್ಲ, ಅತ್ತರಿಲ್ಲ. ಹೆಣ್ಣುಮಕ್ಕಳ ಮುಡಿಯಲ್ಲಿ ಮಲ್ಲಿಗೆಯಿಲ್ಲ. ಮದುವೆ ಮನೆಯಲ್ಲಿ ಮಲ್ಲಿಗೆಗೆ ನಿಷೇಧ ಹೇರಿದ ಮೊದಲ ಮದುಮಗಳೆಂದು ನನ್ನ ಚಿಕ್ಕಮ್ಮಂದಿರು ಇಂದಿಗೂ ಕ್ಷಮಿಸಿಲ್ಲ. ಎದುರಿನ ಹುಣಸೆಮರದ ನೆರಳು ಬೆಳಗಿನ ಎಂಟರವರೆಗೆ ಗೂಡಿನ ಮೇಲಿರುತ್ತದೆ. ತಂಪಿನಲ್ಲಿ ಅವು ಏಳುವುದಿಲ್ಲ. ಏಳರ ಮುಹೂರ್ತ ಏಳೂಮುಕ್ಕಾಲಿಗೆ ಮುಗಿಯುತ್ತದೆ. ಅಪ್ಪನ ಹಟದ ಮುಹೂರ್ತ ಕಾಕತಾಳೀಯವಾಗಿ ಒದಗಿಬಂತೆಂದು ದೇವರಿಗೆ ಕೈಮುಗಿದೆ.

ಉಳಿದದ್ದು ವಾಲಗ. ತಾಳಿ ಕಟ್ಟುವ ಗಳಿಗೆಯಲ್ಲಿ ಡೋಲು-ನಾಗಸ್ವರ ಒಟ್ಟಿಗೆ ಭೋರೆಂದು ಎದ್ದು ಗಟ್ಟಿಮೇಳ ಆಗಬೇಕು. ಆ ಹೊತ್ತಿನಲ್ಲಿ ಸೀನು, ಬಿಕ್ಕು, ಅಪಶಬ್ದ ಯಾವುದೂ ಕಿವಿಗೆ ಬೀಳಬಾರದು. ಅದೇ ಡೋಲು ಹೆಜ್ಜೇನಿನ ಕೆಳಗೆ ಹತ್ತಡಿಯಲ್ಲಿ ಬಾರಿಸಿದರೆ? ವಾಲಗ ಬೇಡವೆಂದು ಹೇಳಲು ಅವ್ವನೂ ನಾನೂ ನಾಗಮಂಗಲಕ್ಕೆ ಹೋದೆವು. ಮೇಷ್ಟ್ರ ತಾಯಿ, ನನ್ನ ಅತ್ತೆಯಾಗಲಿದ್ದವರು, ರಾಗಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು.

"ವಾಲಗ ಇಲ್ದೆ ತಾಳಿ ಕಟ್ಸಾದಾ? ನನ್ ಮಗುಂಗಾ?"

ನಾನು ಹೆಜ್ಜೇನಿನ ಶಾಸ್ತ್ರ ವಿವರಿಸಿದೆ. ಅವರು ನನ್ನನ್ನೇ ನೋಡುತ್ತ ಬಹಳ ಮೆಲ್ಲಗೆ ಹೇಳಿದರು.

"ನೋಡವ್ವ, ನಮ್ ತಂಗಿ ಮದ್ವೇಲಿ ಡೋಲ್ನೋನು ನೀರು ಕುಡಿಯಕ್ಕೆ ಎದ್ದೋಗಿದ್ದ. ತಾಳಿ ಕಟ್ಟೋವಾಗ ಸದ್ದಿಲ್ಲ. ಯಾರೋ ಸೀನಿದ್ರು. ನನ್ ಕಿವೀಗೇ ಬಿತ್ತು. ವರ್ಸ ತುಂಬೋದ್ರೊಳಗೆ ಬೋಳು ಅಣೇಲಿ ಮನೇಗ್ ಬಂದ್ಲು. ನಿಂಗೆ ನಿಮ್ಮಪ್ಪುನ್ ಬಯ. ನಂಗೆ ನನ್ ಮಗುನ್ ಬಯ."

ಮನಸ್ಸಿನಲ್ಲಿ ಮೂಢನಂಬಿಕೆ ಎಂಬ ಪದವನ್ನು ಸಿದ್ಧಮಾಡಿಟ್ಟುಕೊಂಡು ಹೋಗಿದ್ದವಳು ಅದನ್ನು ಹಾಗೇ ಹಿಂದಕ್ಕೆ ತಂದೆ. ಆಕೆಯ ಕಣ್ಣಲ್ಲಿದ್ದುದು ಟ್ರಾಕ್ಟರಿನಲ್ಲಿ ಕೂತಿದ್ದಾಗ ನನ್ನ ಕಣ್ಣಲ್ಲಿದ್ದದ್ದೇ. ಕೊನೆಗೆ ಮೇಷ್ಟ್ರು ನಡುದಾರಿ ಹುಡುಕಿದರು: ವಾಲಗದವರು ದೂರದ ಕೆರೆ ಏರಿಯ ಮೇಲೆ ಕೂರಲಿ, ತಾಳಿಯ ಗಳಿಗೆಗೆ ಗುಡಿಯ ಬಾಗಿಲಿಂದ ನಮ್ಮ ಚಿಕ್ಕಪ್ಪ ಕೆಂಪು ಟವಲು ಬೀಸಲಿ, ಅವರು ಅಲ್ಲಿಂದ ಗಟ್ಟಿಮೇಳ ಎತ್ತಲಿ, ಸದ್ದು ಇಲ್ಲಿಗೆ ತೆಳ್ಳಗೆ ಬಂದು ತಲುಪಲಿ. ಅತ್ತೆ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ನಾನು ಚಿಕ್ಕಪ್ಪ ನಿಲ್ಲುವ ಜಾಗಕ್ಕೆ ನಕ್ಷೆಯಲ್ಲಿ ಗುಣಾಕಾರದ ಗುರುತು ಹಾಕಿದೆ.

ಮದುವೆಯ ಬೆಳಗು ತಣ್ಣಗಿತ್ತು. ಹಿಂದಿನ ದಿನದ ಶಾಸ್ತ್ರಗಳನ್ನು ಅವರವರ ಮನೆಯಲ್ಲೇ ಮುಗಿಸಿ, ಬೆಳಕು ಹರಿಯುವ ಹೊತ್ತಿಗೆ ನಾವು ಗುಡಿ ಸೇರಿದ್ದೆವು. ಗುಡಿಯ ಮುಂದೆ ಮೇಷ್ಟ್ರು ಗೊತ್ತುಮಾಡಿದ ಬಾಡಿಗೆ ಕಾರು, ಮೂತಿಯನ್ನು ಕೆ.ಆರ್. ಪೇಟೆ ಆಸ್ಪತ್ರೆಯ ದಾರಿಗೆ ತಿರುಗಿಸಿ, ಹಿಂದಿನ ಬಾಗಿಲು ತೆರೆದು ನಿಂತಿತ್ತು. ಡ್ರೈವರು ಕೆಳಗಿಳಿಯದೆ ಕೂತಿದ್ದ. ಬಂದವರೆಲ್ಲ ಅದು ಮದುಮಕ್ಕಳ ಕಾರು ಎಂದುಕೊಂಡು ಹೂವಿಲ್ಲವಲ್ಲ ಎಂದು ಮರುಗಿದರು. ಏಳಾಯಿತು, ಗಂಡಿನ ಕಡೆಯ ಬಸ್ಸಿಲ್ಲ. ಏಳೂಕಾಲಾಯಿತು. ಹುಣಸೆಮರದ ನೆರಳಿನ ಅಂಚು ಕಲ್ಲಿನ ಮೇಲೆ ಗೇಣು ಗೇಣಾಗಿ ಜಾರುತ್ತಿತ್ತು, ನಾನು ಒಳಗೆ ಅರಿಸಿನದ ಕೈ ಮಡಿಸಿ ಕೂತು ಬಾಗಿಲಿನಾಚೆಯ ಆ ಅಂಚನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿದ್ದ ಬಸ್ಸು ಏಳೂಇಪ್ಪತ್ತೈದಕ್ಕೆ ಬಂತು. ಐನೋರು ಉಸಿರು ಬಿಡದೆ ಮಂತ್ರ ಓಡಿಸಿದರು.

ಇನ್ನೂರು ಜನ ಇದ್ದರೂ ಆ ಗುಡಿಯಲ್ಲಿ ಮಾತಿಲ್ಲ. ಅಳುವ ಮಕ್ಕಳನ್ನು ತೋಪಿಗೆ ಒಯ್ದಿದ್ದರು. ಕೆಮ್ಮು ಬಂದವರು ಸೆರಗು ಕಚ್ಚಿಕೊಂಡರು. ಮೇಲೆ ಗೂಡು ಗುಂಯ್ಗುಡುವ ಸದ್ದು ಕಲ್ಲಿನೊಳಗಿಂದ ಬಂದಂತೆ ಬರುತ್ತಿತ್ತು. ಅದು ಏರಿತೇ, ಇಳಿಯಿತೇ ಎಂದು ಎಲ್ಲರ ಕಿವಿಯೂ ಅಲ್ಲೇ. ಅಪ್ಪ ಕೋಟಿನ ಗುಂಡಿಯನ್ನು ಗಂಟಲವರೆಗೆ ಹಾಕಿ, ಮೇಲೊಂದು ಶಲ್ಯ ಸುತ್ತಿ, ಮುಖ ಬೆವರಿದ್ದರೂ ನೆಟ್ಟಗೆ ನಿಂತಿದ್ದ. ಧಾರೆ ಎರೆಯಲು ಮಾತ್ರ ತೋಳನ್ನು ಮೊಣಕೈವರೆಗೆ ಮಡಿಸಲೇಬೇಕಾಯಿತು.

ಮೇಷ್ಟ್ರ ಕೈಯ ಮೇಲೆ ನನ್ನ ಕೈ, ಅದರ ಮೇಲೆ ತೆಂಗಿನಕಾಯಿ. ಅವ್ವ ಚೊಂಬಿಗೆ ಕೈ ಜೋಡಿಸಿದಳು. ಅಪ್ಪ ಹಾಲು ಬೆರೆಸಿದ ನೀರನ್ನು ಎರೆಯಲು ಶುರುಮಾಡಿದ. ಆಗ ಬಾಗಿಲಿನ ಬೆಳಕಿನಿಂದ ಒಂದೇ ಒಂದು ಜೇನು ಒಳಗೆ ಬಂತು.

ಕಂಬವನ್ನು ಒಂದು ಸುತ್ತು ಹಾಕಿತು. ಹಾಲಿನ ವಾಸನೆಯೋ ಏನೋ, ಧಾರೆಯ ಹತ್ತಿರ ಇಳಿದು, ತೂಗಿ, ಅಪ್ಪನ ಬಲಗೈ ಮಣಿಕಟ್ಟಿನ ಮೇಲೆ, ನಾಡಿ ಹಿಡಿಯುವ ಜಾಗದಲ್ಲೇ, ಕೂತಿತು. ಅಲ್ಲಿ ಒಂದು ಹಾಲಹನಿ ಸಿಡಿದಿತ್ತು. ಅದನ್ನು ಹೀರತೊಡಗಿತು. ಅದರ ಹೊಟ್ಟೆ ಉಬ್ಬಿ ಇಳಿಯುವುದು ನನಗೆ ಕಾಣುತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ, ಅಲ್ಲಾಡಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದ. ಧಾರೆ ಕಡಿಯಬಾರದು, ಕೈ ಕೊಡವಬಾರದು. ಎರೆಯುತ್ತಲೇ ಇದ್ದ. ಆ ನೂಲಿನಂಥ ನೀರು ಒಂದಿಷ್ಟೂ ಅಲುಗಲಿಲ್ಲ. ಅಲುಗಿದ್ದು ನನ್ನ ಕೈ. ಕೆಳಗಿನಿಂದ ಮೇಷ್ಟ್ರು ಅದನ್ನು ಗಟ್ಟಿಯಾಗಿ ಹಿಡಿದರು.

"ಮಾಂಗಲ್ಯ, ಮಾಂಗಲ್ಯ" ಎಂದು ಐನೋರು ಆತುರಪಡಿಸಿದರು. ಮೇಷ್ಟ್ರು ತಾಳಿ ಎತ್ತಿದರು. ಬಾಗಿಲಲ್ಲಿ ಚಿಕ್ಕಪ್ಪ ಕೆಂಪು ಟವಲು ಹಿಡಿದು ಮರದಂತೆ ನಿಂತಿದ್ದ. ಬೀಸಲಿಲ್ಲ. ಹೇಗೆ ಬೀಸಿಯಾನು? ನಾನು ಹಾಕಿದ ಗುರುತು ಸರಿಯಾಗಿ ಗೂಡಿನ ಕೆಳಗೇ ಇತ್ತು, ಟವಲು ಎತ್ತಿದರೆ ಜೇನಿಗೆ ತಾಗುವಷ್ಟು ಹತ್ತಿರ. ಎರಡು ಸಲ ಅಳೆದ ಗುಡಿಯಲ್ಲಿ ನಾನು ಎರಡನೆಯ ಸಲವೂ ಮೇಲೆ ನೋಡಿರಲಿಲ್ಲ. ಕೆರೆ ಏರಿಯ ಮೇಲೆ ಡೋಲಿನವರು ಸನ್ನೆಗೆ ಕಾಯುತ್ತಿದ್ದರು. ಗಟ್ಟಿಮೇಳವಿಲ್ಲ. ಗುಡಿಯಲ್ಲಿ ಇನ್ನೂರು ಜನರ ಮೌನ, ಯಾರೋ ಒಬ್ಬರು ಸೀನಲು ಹೇಳಿ ಮಾಡಿಸಿದಂಥ ಮೌನ.

ಅತ್ತೆ ಮಗನ ಹಿಂದೆ ನಿಂತಿದ್ದರು. ಅವರು ಬಾಗಿಲನ್ನು ನೋಡಿದರು, ಸನ್ನೆಯಾಗದ ಟವಲನ್ನು ನೋಡಿದರು, ಅಪ್ಪನ ಮಣಿಕಟ್ಟನ್ನು ನೋಡಿದರು. ಆಕೆ ಕೂಗುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಆಕೆ ಕೂಗಲಿಲ್ಲ. ಬಾಯಿ ಪೂರ್ತಿ ತೆರೆಯದೆ, ತೊಟ್ಟಿಲ ಪಕ್ಕ ಹಾಡುವಷ್ಟು ಮೆಲ್ಲಗೆ, ಸೋಬಾನೆ ಎತ್ತಿದರು. ಪಕ್ಕದ ಹೆಂಗಸು ಸೇರಿದಳು, ಅವ್ವ ಸೇರಿದಳು, ಮಲ್ಲಿಗೆಯಿಲ್ಲದ ಚಿಕ್ಕಮ್ಮಂದಿರು ಸೇರಿದರು. ಕೆಳದನಿಯ ಆ ಹಾಡು ನಾಲ್ಕು ಕಂಬಗಳ ನಡುವೆ ಸುತ್ತಿ, ಮೇಲಿನ ಗುಂಯ್ಗಾರದ ಜೊತೆ ಬೆರೆತು, ಯಾವುದು ಯಾರದೆಂದು ತಿಳಿಯದಂತಾಯಿತು. ಅದರೊಳಗೆ ಯಾರಾದರೂ ಸೀನಿದ್ದರೆ ನನಗಂತೂ ಕೇಳಿಸಲಿಲ್ಲ. ತಾಳಿ ಯಾವಾಗ ಕೊರಳಿಗೆ ಬಿತ್ತೆಂಬುದೂ ಗೊತ್ತಾಗಲಿಲ್ಲ. ನಾನು ಕಣ್ಣು ತೆರೆದಾಗ ಜೇನು ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಿತ್ತು. ಆಮೇಲೆ ಎದ್ದು, ಬಂದ ದಾರಿಯಲ್ಲೇ, ಚಿಕ್ಕಪ್ಪನ ಕಿವಿಯ ಪಕ್ಕದಲ್ಲಿ ಹಾದು, ಬೆಳಕಿಗೆ ಹೋಯಿತು.

ಎಲ್ಲರೂ ಒಬ್ಬರ ಹಿಂದೆ ಒಬ್ಬರು ತೋಪಿಗೆ ನಡೆದುಬಿಟ್ಟ ಮೇಲೆ, ವಾಲಗದವರು ಅಲ್ಲಿಗೆ ಬಂದು ತಡೆದಿಟ್ಟುಕೊಂಡಿದ್ದದ್ದನ್ನೆಲ್ಲ ಸುರಿದರು. ಅಪ್ಪ ಕೋಟು ಬಿಚ್ಚಿದ. ಒಳಗಿನ ಅಂಗಿ ಬಾವಿಯಲ್ಲಿ ಅದ್ದಿ ತೆಗೆದಂತಿತ್ತು. ಎರಡು ಸಲ ಪಾಯಸ ಹಾಕಿಸಿಕೊಂಡ.

ವರ್ಷ ಕಳೆದು, ಮಗು ಎತ್ತಿಕೊಂಡು ಕೇಶವನಿಗೆ ಪೂಜೆ ಮಾಡಿಸಲು ಹೋದಾಗ, ಪುಟ್ಟಮ್ಮಜ್ಜಿ ನನ್ನ ಪಕ್ಕ ಕೂತು ಎಲೆಗೆ ಸುಣ್ಣ ಸವರುತ್ತ ಹೇಳಿದಳು: "ಆ ವಯ್ಯ ನಿಮ್ಮಪ್ಪ ಅಂತ ನಿನ್ ಧಾರೇಲೇ ಕಣವ್ವ ನಂಗೊತ್ತಾಗಿದ್ದು. ಅದ್ಕೂ ಮೊದ್ಲಿನ್ ಮಳೇಗಾಲ್ದಲ್ಲಿ ಬಂದಿದ್ದ, ನೀ ಅಳ್ದೋದ್ ಎಲ್ಡ್ ದಿನುಕ್ಕೆ. ಕಲೆ ಕೆಳ್ಗೆ ನಿಂತ್ಕಂಡು, ಅಜ್ಜಿ ಇವು ಯಾವ್ ತಿಂಗ್ಳು ಬತ್ತವೆ, ಬಿಸ್ಲು ಯಾವೊತ್ಗೆ ಬೀಳ್ತದೆ ಅಂತ ಕೇಳ್ದ. ಯಾಕಪ್ಪ ಅಂದೆ. ಸುಮ್ಕೆ ಅಂದ."

ಏಳರ ಮುಹೂರ್ತ. ಕುತ್ತಿಗೆವರೆಗಿನ ಕೋಟು. ಕೈ ತೊಳೆಯುತ್ತ ಕೇಳಿದ "ಬಂದ್ವಾ?" ಎಂಬ ಮಾತು. ನನ್ನ ಹೆದರಿಕೆ ಹನ್ನೆರಡು ದಿನದ್ದು; ಅದಕ್ಕೇ ನಾನು ಮನೆಮಂದಿಯನ್ನೆಲ್ಲ ಗೋಳು ಹುಯ್ದುಕೊಂಡಿದ್ದೆ. ಅವನು ಶ್ರಾವಣದಿಂದ ಫಾಲ್ಗುಣದವರೆಗೆ ಏಳು ತಿಂಗಳು, ನನ್ನ ನಗುವಿನ ಪಕ್ಕದಲ್ಲೇ, ಒಬ್ಬನೇ ಹೆದರಿಕೊಂಡಿದ್ದ. ನನಗೆ ಮೊದಲು ಬಂದದ್ದು ಕೋಪ. ನೇರ ಕ್ಯಾತನಹಳ್ಳಿಗೆ ಹೋಗಿ, ಜಗಲಿಯ ಮೇಲೆ ಕೂತಿದ್ದವನನ್ನು, ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಸತ್ತಿದ್ದರೆ ಏನು ಗತಿ ಎಂದು ಕೂಗಾಡಿದೆ. ಅಪ್ಪ ಮೊಮ್ಮಗುವಿಗೆ ಬೆರಳು ಹಿಡಿಸಿಕೊಂಡು ಕೂತಿದ್ದ.

"ಏಳಿದ್ರೆ ನೀನು ಛತ್ರುಕ್ಕೋಯ್ತಿದ್ದೆ ಕಣ್ಮಗ" ಎಂದ.

ಅಪ್ಪ ಆಮೇಲೆ ಬಹಳ ವರ್ಷ ಇದ್ದು, ಜೇನಿಗೆ ಸಂಬಂಧವಿಲ್ಲದ ಯಾವುದೋ ಕಾಯಿಲೆಗೆ, ತನ್ನ ಹಾಸಿಗೆಯಲ್ಲೇ ಹೋದ. ಆ ನಕ್ಷೆ ನನ್ನ ಹತ್ತಿರವಿದೆ. 'ತೇವದ ಕಲೆ' ಎಂಬುದನ್ನು ನಾನು ತಿದ್ದಿಲ್ಲ. ಅಪ್ಪನ ಫೋಟೋವನ್ನು ದೇವರ ಗೂಡಿನ ಮೇಲುಗಡೆ, ಸೂರಿಗೆ ಹತ್ತಿರ ತೂಗುಹಾಕಿದ್ದೇವೆ. ಮದುವೆಯ ದಿನದ್ದೇ, ಕೋಟಿನದು, ಬೇರೆ ಒಳ್ಳೆಯ ಫೋಟೋ ಇರಲಿಲ್ಲ. ಹಾಗಾಗಿ ಬೆಳಗ್ಗೆ ಊದುಬತ್ತಿ ಹಿಡಿದು ಜೇನಿದೆಯೇ ಎಂದು ಮೇಲೆ ನೋಡುವಾಗ ದಿನವೂ ಮೊದಲು ಸಿಗುವವನು ಅವನೇ, ಗಂಟಲವರೆಗೆ ಗುಂಡಿ ಹಾಕಿಕೊಂಡು, ಅಲ್ಲಾಡಬೇಡ ಎನ್ನುತ್ತ. ಒಂದು ಮಾತು ಹೇ​ಳಬಾರದಿತ್ತೇ ಎಂದು ಕೇಳುತ್ತೇನೆ. ಕೈ ನಡುಗುವುದು ನಿಂತ ಮೇಲೆ ಕಡ್ಡಿ ಗೀರುತ್ತೇನೆ.